ಬೆರಳ ತುದಿಯ ತೊಂಬತ್ತೊಂಬತ್ತು

ನವೆಂಬರ್ ೧೯, ಮಂಗಳವಾರ

ಹದಿನೆಂಟು ವರ್ಷ ನರ್ಸ್ ಆಗಿ ದುಡಿದವಳ ಬುದ್ಧಿಗೆ ಅದೇನು ಮಂಕು ಬಡಿದಿತ್ತೋ.

ಬೆಳಿಗ್ಗೆ ಭಾವ ಆಸ್ಪತ್ರೆಗೆ ಬಂದಿದ್ದರು. ಲಾಂಡ್ರಿಯ ಬಾಯ್ಲರ್ ಕೋಣೆಯಲ್ಲಿ ಅವರ ಕೆಲಸ. ಚಳಿಯೆಂದು ಕಿಟಕಿ ಮುಚ್ಚಿಕೊಂಡಿದ್ದರಂತೆ. "ತಲೆ ಸಿಡೀತಿದೆ ಕಣಮ್ಮ, ಉಸಿರು ಸಾಲ್ತಿಲ್ಲ" ಅಂದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡಲು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ತೊಂಬತ್ತೊಂಬತ್ತು. "ನನಗಿಂತ ಗಟ್ಟಿಯಾಗಿದೀರಿ ಭಾವ, ಕೆಲಸ ತಪ್ಪಿಸೋಕೆ ಬೇರೆ ನೆಪ ಹುಡುಕಿ" ಎಂದೆ. ಅವರೂ ನಕ್ಕು ಅದೇ ಕೋಣೆಗೆ ಹೋದರು.

ಸಂಜೆ ಸ್ಟ್ರೆಚರ್ ಮೇಲೆ ತಂದರು. ಪ್ರಜ್ಞೆಯಿಲ್ಲ, ಮುಖ ಮಾತ್ರ ಮದುಮಗನ ಹಾಗೆ ಕೆಂಪೇರಿತ್ತು. ಆಗಲೂ ಆ ದರಿದ್ರ ಯಂತ್ರ ತೊಂಬತ್ತೆಂಟು ತೋರಿಸಿತು. ಆಮ್ಲಜನಕದ ಜಾಗದಲ್ಲಿ ಹೊಗೆಯ ವಿಷಾನಿಲ ಬಂದು ಕೂತರೂ ರಕ್ತ ಕೆಂಪಗೇ ಇರುತ್ತದೆ, ಯಂತ್ರಕ್ಕೆ ಎರಡೂ ಒಂದೇ. ಹೊಸ ನರ್ಸ್‌ಗಳಿಗೆ ಇದನ್ನು ಪ್ರತಿವರ್ಷ ಹೇಳಿಕೊಡುವವಳು ನಾನೇ.

ಅಕ್ಕ ಕೈ ಹಿಡಿದು ಕೇಳಿದಳು, "ಬೆಳಿಗ್ಗೆ ನೀನೇ ನೋಡಿದ್ಯಲ್ಲ, ಆಗ ಚೆನ್ನಾಗಿದ್ರು ಅಲ್ವೇನೇ?"

"ಹೂಂ, ತೊಂಬತ್ತೊಂಬತ್ತಿತ್ತು" ಅಂದೆ.

"ನೀನಿದೀಯಲ್ಲ, ಅದೇ ನಂಗೆ ಧೈರ್ಯ" ಅಂದಳು.

ಭಾವನಿಗೆ ಎಚ್ಚರವಾದರೆ ಬೆಳಗಿನ ಮಾತೆಲ್ಲ ಅವರೇ ಹೇಳುತ್ತಾರೆ. ಹೇಳಲಿ. ಅಕ್ಕ ನನ್ನ ಮುಖಕ್ಕೆ ಉಗಿಯಲಿ. ಅವರೊಮ್ಮೆ ಕಣ್ಣು ಬಿಟ್ಟರೆ ಸಾಕು.