ಓರೆ ತೆಗೆದ ತೋಟಾ

ಸೈಬರ್‌ಜಯಾ
14 ನವೆಂಬರ್ 2021, ಭಾನುವಾರ

ಪ್ರೀತಿಯ ಜೆನಿ,

ಮನೆಯಲ್ಲಿ ಕೊಂಕಣಿ ಮಾತಾಡಿದರೂ ನಾವಿಬ್ಬರು ಕಾಗದ ಬರೆದದ್ದು ಯಾವಾಗಲೂ ಕನ್ನಡದಲ್ಲೇ. ಹತ್ತು ವರ್ಷ ಅದೂ ನಿಂತುಹೋಗಿತ್ತು. ನಿಲ್ಲಿಸಿದವನು ನಾನು. ಆಫ್ರಿಕಾದಲ್ಲಿ ಕೋವಿ ರಿಪೇರಿ ಮಾಡುವವನನ್ನು ತಂಗಿ ಮದುವೆಯಾಗುವುದೇ ಎಂದು ಹಟ ಹಿಡಿದು ನಿನ್ನ ಮದುವೆಗೂ ಬರಲಿಲ್ಲ. ಈಗ ನಿನ್ನ ಆಡ್ರಿಯನ್ ತೀರಿಹೋಗಿ ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮಗಳು ಆಲಿಶಾ ಶಾಲೆಗೆ ಹೋದ ಮೇಲೆ, ನೀನು ಒಬ್ಬಳೇ ಇರುವಾಗ ಓದು.

ಮೊನ್ನೆ ಫೋನಿನಲ್ಲಿ ಅವಳು ನನಗೊಂದು ಮಾತು ಹೇಳಿದಳು: "ಪಪ್ಪ ಜಾಗ್ರತೆ ಮಾಡ್ಲಿಲ್ಲ ಅಂತೆ, ಮಾಮ. ಮಮ್ಮಿ ಹೇಳಿದ್ರು." ಬೇಟೆ ಕಂಪನಿಯವರ ವರದಿಯಲ್ಲಿ ಹಾಗೇ ಇದೆ. ಗಾಯಗೊಂಡ ಕಾಡೆಮ್ಮೆ ಪೊದೆಯಿಂದ ನುಗ್ಗಿದಾಗ ಆಡ್ರಿಯನ್ ಗಾಬರಿಯಾದ, ಎರಡನೇ ಗುಂಡು ಹಾಕಲು ತಡಮಾಡಿದ ಎಂದು. ನೀನು ನನ್ನನ್ನು ಕೇಳಿದಾಗ ನಾನೂ 'ಇರಬಹುದು' ಎಂದುಬಿಟ್ಟೆ. ಅದು ಸುಳ್ಳು, ಜೆನಿ.

ಕಳೆದ ವರ್ಷ ಏಪ್ರಿಲ್‌ನಲ್ಲಿ, ಇಲ್ಲಿ ಕೊರೊನಾಕ್ಕೆಂದು ಎಲ್ಲ ಬಾಗಿಲು ಹಾಕಿದ ಹೊಸತರಲ್ಲಿ, ಅವನಾಗಿಯೇ ನನಗೆ ಫೋನು ಮಾಡಿದ. ನಿಮ್ಮ ಅರೂಷಾಕ್ಕೆ ಬೇಟೆಗಾರರು ಬರುವುದು ನಿಂತು ಅವನ ವರ್ಕ್‌ಶಾಪು ಖಾಲಿಯಾಗಿತ್ತು. ಬಹಳ ದಿನದಿಂದ ತಲೆಯಲ್ಲಿದ್ದದ್ದನ್ನು ಹೇಳಿದ. ಪೇಟೆಯಲ್ಲಿ ಸಿಗದ, ತಾನೇ ಆಕಾರ ಕೊಟ್ಟು ಮಾಡಿಕೊಳ್ಳುವ ತೋಟಾ. ಅಂಥದಕ್ಕೆ ಅವರಲ್ಲಿ ವೈಲ್ಡ್‌ಕ್ಯಾಟ್ ಎನ್ನುತ್ತಾರಂತೆ. ದಟ್ಟ ಪೊದೆಯಲ್ಲಿ ಕಾಡೆಮ್ಮೆಯನ್ನು ಒಂದೇ ಈಡಿಗೆ ನಿಲ್ಲಿಸಬೇಕು, ಆದರೆ ಕೋವಿ ಹಗುರವಿರಬೇಕು. ಮದ್ದು ತುಂಬುವ ಹಿತ್ತಾಳೆಯ ಕೋಶದ ನಕ್ಷೆಯನ್ನು ಹೊಸದಾಗಿ ಬರೆದುಕೊಡುತ್ತೀರಾ ಭಾವ, ಎಂದು ಕೇಳಿದ.

ಜೀವಮಾನವೆಲ್ಲ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದವನು ನಾನು, ಕೋವಿ ಮುಟ್ಟಿದವನಲ್ಲ. ಈ ದೇಶದಲ್ಲಂತೂ ಲೈಸೆನ್ಸ್ ಇಲ್ಲದವನ ಕಿಸೆಯಲ್ಲಿ ಒಂದು ಗುಂಡು ಸಿಕ್ಕರೂ ಜೈಲೇ ಗತಿ. ಆದರೂ ಒಪ್ಪಿದೆ. ಜೂನ್‌ನಲ್ಲಿ ನಮ್ಮ ಆಫೀಸಿನಲ್ಲಿ ನಲವತ್ತು ಜನರನ್ನು ತೆಗೆದರು. ಅವರಲ್ಲಿ ನಾನೊಬ್ಬ. ಹೆಂಡತಿ ಎಮೆಲ್ಡಾಳಿಗೂ ಹೇಳಲಿಲ್ಲ. ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಆಫೀಸಿನ ಕೆಲಸವೆಂದು ತಿಳಿದು ಅವಳು ಮಾಮಕ್ ಹೋಟೆಲಿನಿಂದ ತಪಾವ್ ಕಟ್ಟಿಸಿಕೊಂಡು ತಂದ ರೊಟ್ಟಿಯನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಆ ತೋಟಾ ಒಂದೇ ನನಗಿದ್ದ ಕೆಲಸ. ಆಡ್ರಿಯನ್‌ನ ಫೋನು ಬರುವ ಹೊತ್ತಿಗೆ ಮಾತ್ರ ನಾನು ಯಾರೋ ಒಬ್ಬನಾಗಿರುತ್ತಿದ್ದೆ.

ಹಳೆಯ ತೋಟಾಗಳು ಬುಡದಿಂದ ಕತ್ತಿನ ಕಡೆಗೆ ತುಸು ಓರೆಯಾಗಿ ಸಪೂರವಾಗುತ್ತವೆ. ನಾನು ಆ ಓರೆಯನ್ನು ತೆಗೆದೆ. ಗೋಡೆ ನೆಟ್ಟಗಾದರೆ ಅಷ್ಟೇ ಉದ್ದದೊಳಗೆ ಹೆಚ್ಚು ಮದ್ದು ಹಿಡಿಯುತ್ತದೆ, ಏಟು ಜೋರಾಗುತ್ತದೆ. ನನಗೆ ಅದು ಸುಲಭದ ಲೆಕ್ಕ. ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ.

"ಓರೆ ಸ್ವಲ್ಪ ಇರ್ಲಿ ಭಾವ," ಎಂದ. "ಬಿಸಿಗೆ ಕೋಶ ಉಬ್ತದೆ. ಓರೆ ಇದ್ರೆ ಸಲೀಸಾಗಿ ಹೊರಗೆ ಬರ್ತದೆ. ಹಿಂದಿನವರು ಸುಮ್ನೆ ಇಟ್ಟದ್ದಲ್ಲ."

ಅವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದೆ ನಾನು. ಅವನು ನಕ್ಕು, ಹಾಗೇ ಮಾಡ್ತೇನೆ ಎಂದ. ಕಾಲೇಜು ಅರ್ಧಕ್ಕೆ ಬಿಟ್ಟವನು ಇಂಜಿನಿಯರ್ ಭಾವನ ಎದುರು ವಾದ ಮಾಡಬಾರದು ಎಂದುಕೊಂಡನೋ ಏನೋ.

ಡಿಸೆಂಬರ್‌ನಲ್ಲಿ ಮೊದಲ ತೋಟಾಗಳೂ ಅವಕ್ಕೆಂದೇ ಅವನು ಮಾಡಿದ ಕೋವಿಯೂ ಸಿದ್ಧವಾದವು. ಅವತ್ತೇ ಅವನು ಫೋನನ್ನು ನಿನ್ನ ಮುಖಕ್ಕೆ ಹಿಡಿದದ್ದು. ನೀನು ಅಳುತ್ತಾ, ಅಣ್ಣ ಎಷ್ಟು ಸಪೂರ ಆಗಿದ್ದಿ ಎಂದೆ. ಹತ್ತು ವರ್ಷದ ಮೇಲೆ ನಾನು ಕೇಳಿದ ನಿನ್ನ ಮೊದಲ ಮಾತು. ಆ ತೋಟಾ ನಿನ್ನನ್ನು ನನಗೆ ಮರಳಿ ಕೊಟ್ಟಿತ್ತು. ಅದರಲ್ಲಿ ತಪ್ಪಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ಆಮೇಲೆ ನನಗೆ ಬರಲೇ ಇಲ್ಲ.

ತಪ್ಪು ಕಂಡದ್ದು ಈ ಜುಲೈನಲ್ಲಿ, ಬೇಟೆ ಮತ್ತೆ ಶುರುವಾಗಿ ಅವನು ಬೇಟೆಗಾರರ ಕಾವಲಿಗೆ ಆ ಕೋವಿ ಹಿಡಿದು ಹೋಗತೊಡಗಿದಾಗ. ಬೆಳಗಿನ ತಂಪಿನಲ್ಲಿ ಎಲ್ಲ ಸರಿ. ಬಿಸಿಲೇರಿದ ಮೇಲೆ ಕೋಶ ಹೊರಗೆಳೆಯುವ ಬೋಲ್ಟ್ ಬಿಗಿಯಾಗುತ್ತದೆ, ಖಾಲಿ ಕೋಶ ಒಳಗೇ ಕಚ್ಚಿಕೊಳ್ಳುತ್ತದೆ ಎಂದು ಹೇಳಿದ. ನಾನು ಲೆಕ್ಕ ಹಾಕಿದ್ದು ಏರ್‌ಕಂಡೀಷನ್ ಕೋಣೆಯಲ್ಲಿ ಕೂತು. ತಕ್ಷಣ ನಿಲ್ಲಿಸು ಎನ್ನಬೇಕಿತ್ತು. ಕೋವಿಯ ಒಳಮೈ ಇನ್ನಷ್ಟು ನುಣುಪು ಮಾಡು, ಸರಿಹೋಗುತ್ತದೆ ಎಂದೆ.

ಅವನು ತೀರಿಕೊಂಡ ದಿನ ಜೊತೆಗಿದ್ದ, ಜಾಡು ಹಿಡಿಯುವ ಜೋಸೆಫಾಟ್‌ನನ್ನು ನಾನು ಸೆಪ್ಟೆಂಬರ್‌ನಲ್ಲಿ ಫೋನಿನಲ್ಲಿ ಹಿಡಿದೆ. ಆಡ್ರಿಯನ್ ಗಾಬರಿಯಾಗಲಿಲ್ಲ. ಮೊದಲ ಗುಂಡು ಎದೆಗೇ ತಾಗಿತು, ಆದರೂ ಕಾಡೆಮ್ಮೆ ಬೀಳಲಿಲ್ಲ. ಅವನು ಬೋಲ್ಟ್ ಎಳೆದ, ಬರಲಿಲ್ಲ. ಅಂಗೈಯಿಂದ ಗುದ್ದಿದ. ಕೋವಿಯನ್ನು ನೆಲಕ್ಕೂರಿ ಬೋಲ್ಟನ್ನು ಬೂಟಿನಿಂದ ಒದ್ದ. ಜೊತೆಗೆ, ಬೇಟೆಗೆ ಬಂದ ಮುದುಕನಿಗೆ ಮರದ ಹಿಂದಕ್ಕೆ ಹೋಗೆಂದು ಕೂಗಿದ. ಆ ಮುದುಕ ಬದುಕಿದ. ಇಷ್ಟನ್ನೂ ಆಲಿಶಾಳಿಗೆ ಹೇಳು. ಅವಳ ಪಪ್ಪ ಮಾಡಬೇಕಾದ್ದನ್ನೆಲ್ಲ ಮಾಡಿದ.

ಗಡಿ ಮುಚ್ಚಿದ್ದರಿಂದ ಅವನನ್ನು ಮಣ್ಣು ಮಾಡುವುದನ್ನೂ ನಾನು ಫೋನಿನಲ್ಲೇ ನೋಡಿದೆ. ಗಡಿ ತೆರೆದಿದ್ದರೂ ನಿನ್ನ ಪಕ್ಕ ಬಂದು ನಿಲ್ಲುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಎಮೆಲ್ಡಾಳಿಗೆ ನಿನ್ನೆ ಎಲ್ಲ ಹೇಳಿದೆ, ಕೆಲಸ ಹೋದದ್ದನ್ನೂ ಸೇರಿಸಿ. ಅವಳು ಕಾಗದ, ಪೆನ್ನು ತಂದು ಮೇಜಿನ ಮೇಲಿಟ್ಟಳು. ಆಮೇಲೆ, "ಜೆನಿಗೆ ಬರೀರಿ," ಎಂದಳು. ಕ್ಷಮಿಸು ಎಂದು ಕೇಳುವುದಿಲ್ಲ. ಉತ್ತರ ಬರೆಯದಿದ್ದರೂ ಅರ್ಥವಾಗುತ್ತದೆ.

ನಿನ್ನ ಅಣ್ಣ,
ರೆಮಿಜಿಯಸ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಗಸ್ಟ್ ಹನ್ನೊಂದರ ಬೆಳಿಗ್ಗೆ, ಹೊರಡುವ ಮೊದಲು, ಅವನು ನನಗೆ ಸಂದೇಶ ಕಳಿಸಿದ್ದ. ಬೋಲ್ಟ್ ನಿನ್ನೆಯೂ ಕಚ್ಚಿಕೊಂಡಿತು, ಇವತ್ತು ಹಳೆ ಕೋವಿಯನ್ನೇ ತಗೊಂಡು ಹೋಗಲಾ ಭಾವ, ಎಂದು ಕೇಳಿದ್ದ. ಬೇಡ, ನಮ್ಮದನ್ನೇ ತಗೊಂಡು ಹೋಗು ಎಂದು ನಾನು ಬರೆದೆ. ಆಯ್ತು ಎಂದ. ನನ್ನ ಫೋನಿನಿಂದ ಅದನ್ನು ಅಳಿಸಿದ್ದೇನೆ. ಅವನ ಫೋನು ನಿನ್ನ ಹತ್ತಿರ ಇದೆ.