ಹೊಡೆದವನಿಗೆ ನಾಯಕಪಟ್ಟ, ಹೊಡೆಸಿಕೊಂಡವರಿಗೆ ವಿಶ್ರಾಂತಿ

ಜಿಲ್ಲಾ ಫುಟ್‌ಬಾಲ್ ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿಗಳಿಗೆ, ಹಾಸನ

ಮಾನ್ಯರೇ,

ಬರುವ ಭಾನುವಾರ ಹಾಸನದಲ್ಲಿ ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡೆಯಲಿರುವ ಅಂತಿಮ ಪಂದ್ಯದ ಕರಪತ್ರ ನಮ್ಮ ಪೇಟೆಬೀದಿಗೂ ಬಂದಿದೆ. ಅದರಲ್ಲಿ ನಮ್ಮೂರಿನ ತಂಡದ ನಾಯಕ ಪಾಲಾಕ್ಷನ ಹೆಸರು ದಪ್ಪ ಅಕ್ಷರದಲ್ಲಿದೆ. ಸೆಮಿಫೈನಲ್ಲಿನಲ್ಲಿ ಅವನ ಕೈಯಿಂದ ಏಟು ತಿಂದ ರೆಫರಿ ಬೈರಯ್ಯನವರ ಹೆಸರು ಎಲ್ಲಿಯೂ ಇಲ್ಲ. ಹೊಡೆದವನನ್ನು ಉಳಿಸಿಕೊಂಡು ಹೊಡೆಸಿಕೊಂಡವರನ್ನು ಕೈಬಿಟ್ಟದ್ದು ಯಾವ ನ್ಯಾಯವೆಂದು ತಮ್ಮನ್ನು ಕೇಳುವುದಕ್ಕೆ ಈ ಬಹಿರಂಗ ಪತ್ರ. ಕೇಳುವ ಯೋಗ್ಯತೆ ನನಗಿದೆಯೇ ಎಂದು ತಾವು ತಿರುಗಿ ಕೇಳಬಹುದು. ಅದು ಅನುಮಾನವೇ. ಪಾಲಾಕ್ಷ ನನ್ನ ತಮ್ಮ. ಅವನನ್ನು ಕೇಸಿನಿಂದ ಬಿಡಿಸಿಕೊಂಡು ಬಂದವಳು ನಾನೇ.

ನಾನು ಇಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ತಂದೆಯ ಹಿಂದೆ ತಾಯಿಯೂ ತೀರಿಕೊಂಡಾಗ ಪಾಲಾಕ್ಷ ಇನ್ನೂ ಸ್ಲೇಟು ಹಿಡಿಯಲು ಬಾರದ ಹುಡುಗ. ತಂದೆಯವರ ಜವಳಿ ಅಂಗಡಿಯನ್ನು ಚಿಕ್ಕಪ್ಪ ನೋಡಿಕೊಂಡರು, ಅವನನ್ನು ನಾನು ನೋಡಿಕೊಂಡೆ. ಹೊಳೆದಂಡೆಯ ಮರಳಿನಲ್ಲಿ ಹರಿದ ಚೆಂಡು ಒದೆಯುತ್ತಿದ್ದವನು ಹಾಸನದವರೆಗೂ ಹೆಸರು ಮಾಡಿದಾಗ ಊರಿಗಿಂತ ಹೆಚ್ಚು ಬೀಗಿದವಳು ನಾನು. ಇಂಗ್ಲಿಷಿನಲ್ಲಿದ್ದ ನಿಯಮಗಳ ಪುಸ್ತಕವನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದವಳೂ ನಾನು. ಆದ್ದರಿಂದ, ಹ್ಯಾಂಡ್‌ಬಾಲ್ ಎಂದರೇನೆಂದು ತಿಳಿಯದ ಹೆಂಗಸು ಏನೋ ಗೀಚಿದ್ದಾಳೆ ಎಂದು ತಾವು ಇದನ್ನು ಮಡಿಸಿ ಬದಿಗಿಡಬೇಕಾಗಿಲ್ಲ.

ಅರಕಲಗೂಡಿನ ತಂಡದೊಂದಿಗೆ ಸೆಮಿಫೈನಲ್ ನಡೆದ ದಿನ ನಾನೂ ರೈಲಿನಲ್ಲಿ ಹಾಸನಕ್ಕೆ ಬಂದಿದ್ದೆ. ಹೆಂಗಸರಿಗೆಂದು ತಾವು ಹಾಕಿಸಿದ್ದ ಕುರ್ಚಿಗಳು ಅರಕಲಗೂಡಿನವರ ಗೋಲಿನ ಪಕ್ಕದಲ್ಲೇ ಇದ್ದವು. ಆಟ ಇನ್ನೇನು ಮುಗಿಯುವ ಹೊತ್ತಿಗೆ, ಎತ್ತರದಿಂದ ಬಂದ ಚೆಂಡನ್ನು ಪಾಲಾಕ್ಷ ಮುಂಗೈಯಿಂದ ಕೆಳಕ್ಕೆ ತಳ್ಳಿಕೊಂಡು ಗೋಲಿಗೆ ಒದ್ದ. ನಮ್ಮೂರಿನವರು ಟವೆಲು ಬೀಸಿ ಕುಣಿದರು. ಬೈರಯ್ಯನವರು ಸೀಟಿ ಊದಿ, ಗೋಲು ಇಲ್ಲವೆಂದು ಕೈಯಾಡಿಸಿದರು. ಪಾಲಾಕ್ಷ ಓಡಿಬಂದವನೇ ಅವರ ಎಡಗಿವಿಯ ಮೇಲೆ ಬೀಸಿ ಹೊಡೆದ. ಅವರು ಮಂಡಿಯೂರಿ ಬಿದ್ದರು. ಸಾವರಿಸಿಕೊಂಡು ಎದ್ದು, ಮೈದಾನ ಬಿಟ್ಟು ಹೋಗುವಂತೆ ಅವನಿಗೆ ಕೈತೋರಿಸಿದರು. ಅವನು ಕದಲಲಿಲ್ಲ. ಅಷ್ಟರಲ್ಲಿ ಜನ ಒಳಕ್ಕೆ ನುಗ್ಗಿದರು, ಪಂದ್ಯ ನಿಂತಿತು.

"ಅವನೇನ್ಲಾ ನಮ್ಗೆ ಏಳೋದು? ಕಟ್ಟಾಯದ ಕೇರಿಯೋನ್ ಕೈಗೆ ಸೀಟಿ ಕೊಟ್ಟೋರ್ಯಾರ್ಲಾ?" ಎಂದು ನನ್ನ ಹಿಂದಿನಿಂದ ಯಾರೋ ಕೂಗಿದರು. ತಮ್ಮ ಕುರ್ಚಿಯೂ ದೂರವಿರಲಿಲ್ಲ, ತಮಗೂ ಕೇಳಿಸಿರಬೇಕು. ಇದೇ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ನಮ್ಮ ತಂಡದ ಮೇಲೆ ಕಾರಣವೇ ಇಲ್ಲದೆ ಪೆನಾಲ್ಟಿ ಕೊಟ್ಟಿದ್ದರು. ಆಗ ನನ್ನ ತಮ್ಮ "ಸಾ, ಸಾ" ಎಂದು ಗೋಗರೆದು, ಕೈಕಟ್ಟಿಕೊಂಡು ಹಿಂದೆ ಸರಿದಿದ್ದ. ನಡೆದದ್ದೆಲ್ಲ "ಆಟದ ಬಿಸಿ" ಎಂದು ತಮ್ಮ ಸಮಿತಿ ಹೇಳಿದೆ. ಆ ಬಿಸಿ ಮೇಷ್ಟ್ರನ್ನು ಕಂಡಾಗ ಆರಿಹೋಗಿ, ಬೈರಯ್ಯನವರನ್ನು ಕಂಡಾಗ ಮಾತ್ರ ಹೊತ್ತಿಕೊಂಡದ್ದು ಹೇಗೆ?

ಬೈರಯ್ಯನವರು ಪೊಲೀಸರಿಗೆ ದೂರು ಕೊಟ್ಟರು. ಬೆಂಗಳೂರಿನ ಕಾರ್ಖಾನೆಯೊಂದು ತನ್ನ ತಂಡದಲ್ಲಿ ಆಡಲು ಪಾಲಾಕ್ಷನನ್ನು ಕರೆದು, ಕೆಲಸ ಕೊಡುವ ಮಾತಾಡಿತ್ತು. ಕೇಸು ನಡೆದರೆ ಅದು ತಪ್ಪಿಹೋಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ದಿಗಿಲು.

"ಅಕ್ಕಾ, ನೀನೇ ಓಗಿ ಒಂದ್ಮಾತು ಏಳು. ನಿನ್ ಮಾತ್ಗೆ ಮರ್ವಾದೆ ಕೊಡ್ತಾನೆ," ಎಂದ ಪಾಲಾಕ್ಷ.

"ಹೊಡೆದೋನು ನೀನು. ನೀನೇ ಹೋಗಿ ತಪ್ಪಾಯ್ತು ಅನ್ನು."

"ನಾನು ಓಗಿ ಅವನ್ ಬಾಗ್ಲಲ್ಲಿ ನಿಂತ್ಕಂಡ್ರೆ, ಊರಲ್ಲಿ ತಲೆ ಎತ್ಕಂಡು ತಿರುಗಾಕಾಯ್ತದಾ?"

ಅಷ್ಟು ಹೇಳಿ ಅತ್ತುಬಿಟ್ಟ. ಅವನು ಅತ್ತಾಗ ನಾನು ಗೆದ್ದದ್ದೇ ಇಲ್ಲ. ಹಣ್ಣು, ಎಲೆಅಡಿಕೆ ಹಿಡಿದುಕೊಂಡು ಹಾಸನದಲ್ಲಿದ್ದ ಬೈರಯ್ಯನವರ ಬಾಡಿಗೆ ಮನೆಗೆ ಹೋದೆ.

ಅವರು ಅಂಚೆ ಕಚೇರಿಯಲ್ಲಿ ತಂತಿ ಕೆಲಸದಲ್ಲಿದ್ದವರು, ಯಂತ್ರದ ಸದ್ದು ಕೇಳಿಕೊಂಡು ಬಂದ ಸುದ್ದಿಯನ್ನು ಬರೆದುಕೊಳ್ಳುವವರು. ಸಂಜೆ ಹೊತ್ತು ಮತ್ತು ರಜಾದಿನಗಳಲ್ಲಿ ಪಂದ್ಯ ನಡೆಸುತ್ತಿದ್ದದ್ದು ಆಟದ ಮೇಲಿನ ಪ್ರೀತಿಗೆ. ಅವರ ಹೆಂಡತಿ ಮಲ್ಲಿಗಮ್ಮ ಒಳಗೆ ಚಾಪೆ ಹಾಸಿ ಕರೆದರು. ರೈಲಿಗೆ ಹೊತ್ತಾಯಿತೆಂದು ನೆಪ ಹೇಳಿ ನಾನು ಜಗಲಿಯ ಮೇಲೆಯೇ ಕೂತೆ. ರೈಲಿಗೆ ಬೇಕಾದಷ್ಟು ಹೊತ್ತಿತ್ತು. ಮಲ್ಲಿಗಮ್ಮನವರಿಗೆ ಅದು ಅರ್ಥವಾಯಿತು. ಚಾಪೆಯನ್ನು ಸುತ್ತಿಟ್ಟು ಬಂದು ಬಾಗಿಲಲ್ಲಿ ನಿಂತರು.

ತಂದೆತಾಯಿಯಿಲ್ಲದ ಹುಡುಗ, ಒಂದು ಏಟಿಗಾಗಿ ಅವನ ಬಾಳು ಹಾಳಾಗದಿರಲಿ ಎಂದು ಬೇಡಿಕೊಂಡೆ.

"ಇವ್ರು ಕಿವಿ ಇಡ್ಕಂಡೇ ಕೂತಿರ್ತಾರೆ ಕಣಮ್ಮಾರೆ. ಒಳ್ಗೆ ಗುಯ್ ಅಂತದಂತೆ," ಎಂದರು ಮಲ್ಲಿಗಮ್ಮ. "ನಿಮ್ ತಮ್ಮನ್ ಬಾಳು ಅಂತೀರಿ. ಇವ್ರ್ ಬಾಳು ಏನಾಗ್ಬೇಕು?"

ನಾನು ಅಳತೊಡಗಿದೆ. ಅಳು ಎಷ್ಟು ಕೆಲಸ ಮಾಡುತ್ತದೆಂದು ಮನೆಯಲ್ಲಿ ನೋಡಿಯೇ ಬಂದಿದ್ದೆನಲ್ಲ.

ಬೈರಯ್ಯನವರು ತಡೆದರು. "ಅಳ್ಬ್ಯಾಡಿ ಅಮ್ಮಾರೆ. ದೂರು ವಾಪಸ್ ತಕಂತೀನಿ. ನಂಗೊಂದ್ ಮಾತು ಏಳಿ ಸಾಕು. ನೀವು ಗೋಲ್ ಮಗ್ಗುಲಲ್ಲೇ ಕುಂತಿದ್ರಿ. ಚೆಂಡು ಕೈಗೆ ತಾಕ್ತಾ, ಇಲ್ವಾ?"

"ನಾನು ಸರಿಯಾಗಿ ನೋಡಲಿಲ್ಲ," ಎಂದೆ.

"ಆಯ್ತು ಬುಡಿ," ಎಂದರು ಬೈರಯ್ಯನವರು.

ಚೆಂಡು ಕೈಗೆ ತಾಕಿತ್ತು, ಮಾನ್ಯರೇ. ಕಣ್ಣಾರೆ ನೋಡಿದ್ದೆ. ಆ ಮನುಷ್ಯ ನನ್ನಿಂದ ಕ್ಷಮೆ ಕೇಳಲಿಲ್ಲ, ಔಷಧಿಯ ಖರ್ಚು ಕೇಳಲಿಲ್ಲ. ತಾನು ಕೊಟ್ಟ ತೀರ್ಪು ಸರಿಯಿತ್ತೆಂಬ ಒಂದು ಮಾತು ಕೇಳಿದರು. ಶಾಲೆಯಲ್ಲಿ ದಿನಬೆಳಗಾದರೆ ಮಕ್ಕಳಿಗೆ ಸತ್ಯ ಹೇಳಿರೆಂದು ಕಲಿಸುವ ನಾನು ಅಷ್ಟನ್ನೂ ಕೊಡದೆ, ಅವರಿಂದ ಬೇಕಾದದ್ದನ್ನು ಪಡೆದುಕೊಂಡು ರೈಲು ಹತ್ತಿದೆ. ಇವತ್ತು ಊರೆದುರು ಬರೆಯುತ್ತಿದ್ದೇನೆ: ಬೈರಯ್ಯನವರ ತೀರ್ಪು ಸರಿಯಿತ್ತು.

ನನ್ನ ಪಾಪದ ಉಳಿದ ಕೆಲಸವನ್ನು ತಮ್ಮ ಸಮಿತಿ ಬಲು ಅಚ್ಚುಕಟ್ಟಾಗಿ ಮುಗಿಸಿತು. ದೂರು ವಾಪಸಾದ ಮೇಲೆ ತಾವು ಇಬ್ಬರನ್ನೂ ಶಾಮಿಯಾನದಡಿ ನಿಲ್ಲಿಸಿ, ಕೈಕುಲುಕಿಸಿ, ಬೈರಯ್ಯನವರ ಕೊರಳಿಗೆ ಹಾರ ಹಾಕಿಸಿ, "ಕ್ರೀಡಾಮನೋಭಾವ ಗೆದ್ದಿತು" ಎಂದು ಭಾಷಣ ಮಾಡಿದಿರಿ. ಹೊಡೆದದ್ದು ತಪ್ಪೆಂಬ ಮಾತು ಆ ಭಾಷಣದಲ್ಲಿ ಬರಲಿಲ್ಲ. ಮೈಸೂರಿನಿಂದ ಬೇರೆ ರೆಫರಿಯನ್ನು ಕರೆಸಿ ಪಂದ್ಯವನ್ನು ಮತ್ತೆ ಆಡಿಸಿದಿರಿ. ಪಾಲಾಕ್ಷ ಆಡಿದ, ನಮ್ಮ ತಂಡ ಗೆದ್ದಿತು. ಅರಕಲಗೂಡಿನ ಹುಡುಗರು ಯಾರನ್ನೂ ಹೊಡೆದಿರಲಿಲ್ಲ, ಅವರು ಮನೆಗೆ ಹೋದರು. ಇಡೀ ಜಿಲ್ಲೆಯ ಆಟಗಾರರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

ಮೊನ್ನೆ ಹಾಸನಕ್ಕೆ ಬಂದಾಗ ಅಂಚೆ ಕಚೇರಿಗೆ ಹೋಗಿದ್ದೆ. ಸ್ಟಾಂಪು ಮಾರುವ ಕಿಟಕಿಯ ಹಿಂದೆ ಬೈರಯ್ಯನವರು ಕೂತಿದ್ದರು. ನಾನು ಕೇಳಿದ್ದು ಅವರಿಗೆ ತಿಳಿಯಲಿಲ್ಲ. ಮುಖ ತಿರುಗಿಸಿ ಬಲಗಿವಿಯನ್ನು ಕಿಟಕಿಗೆ ಕೊಟ್ಟು, "ಈ ಕಡೆಯಿಂದ ಏಳಿ," ಎಂದರು. ಆಮೇಲೆ ನನ್ನ ಗುರುತು ಸಿಕ್ಕಿತು.

"ತಂತಿ ಕೆಲಸ ಬಿಟ್ಟಿರಾ?" ಎಂದೆ.

"ಎಡಗಿವಿ ತಮಟೆ ಅರ್ದೋಗದೆ ಅಂದ್ರು ಡಾಕ್ಟ್ರು. ಬಲಗಿವೀಲೂ ಗದ್ದಲದಾಗೆ ಸದ್ದು ಸಿಕ್ಕಾಕಿಲ್ಲ. ಒಂದ್ ಅಕ್ಸರ ತಪ್ಪುದ್ರೂ ಯಾರ್ದೋ ಮನೇಲಿ ಗೋಳು. ನಾನೇ ಬ್ಯಾಡ ಅಂದ್ಬುಟ್ಟೆ."

"ಭಾನುವಾರದ ಪಂದ್ಯಕ್ಕೆ...?"

"ಸಮಿತಿಯೋರು ಬರ್ಬ್ಯಾಡ ಅಂದವ್ರೆ. ನನ್ ಕಂಡ್ರೆ ಜನ ರೇಗ್ತಾರಂತೆ. ಸ್ಟಾಂಪು ಎಷ್ಟು ಕೊಡ್ಲಿ, ಅಮ್ಮಾರೆ?"

ಬೈರಯ್ಯನವರ ಕ್ಷೇಮಕ್ಕಾಗಿಯೇ ಅವರಿಗೆ ವಿಶ್ರಾಂತಿ ಕೊಟ್ಟಿದ್ದೇವೆಂದು ತಾವು ಹೇಳಿಕೊಂಡು ತಿರುಗುತ್ತಿದ್ದೀರಂತೆ. ಎಂಥ ಅಂತಃಕರಣ! ಹಾಯುವ ಹೋರಿಯನ್ನು ಬೀದಿಯಲ್ಲಿ ಬಿಟ್ಟು, ದಾರಿಯಲ್ಲಿ ನಡೆಯುವವರನ್ನು ಮನೆಯೊಳಗೆ ಕೂಡಿಹಾಕುವುದಕ್ಕೆ ತಮ್ಮೂರಿನಲ್ಲಿ ಕ್ಷೇಮವೆಂದು ಹೆಸರೇ?

ಆ ದಿನವೇ ಊಟಕ್ಕೆ ಕೂತಿದ್ದ ಪಾಲಾಕ್ಷನಿಗೆ ಇದೆಲ್ಲವನ್ನೂ ಹೇಳಿ, ಸಮಿತಿಗೆ ಬರೆಯುತ್ತೇನೆಂದೆ.

"ನೀನು ಯಾರ್ ಕಡೆಯೋಳಕ್ಕ?" ಎಂದ.

"ಆವತ್ತು ಅವರ ಕಡೆ ಒಬ್ಬರೂ ಇರಲಿಲ್ಲ ಕಣೋ."

ತಟ್ಟೆ ಬಿಟ್ಟೆದ್ದು ಚಿಕ್ಕಪ್ಪನ ಮನೆಗೆ ಹೋದವನು ಇನ್ನೂ ಬಂದಿಲ್ಲ. ಅವನು ಕೆಟ್ಟವನಾಗಿಯೇ ಹುಟ್ಟಲಿಲ್ಲ. ಅವನ ಪ್ರತಿ ತಪ್ಪಿಗೂ ನಾನು ಮುಂದೆ ಹೋಗಿ ನಿಂತೆ. ಅವನು ಹಿಂದೆ ನಿಂತೇ ಬೆಳೆದ.

ಜಿಲ್ಲೆಯ ರೆಫರಿಗಳಿಗೂ ಇಲ್ಲಿಯೇ ಒಂದು ಮಾತು. ನಿಮ್ಮ ಮೇಲೆ ಕೈ ಬಿದ್ದರೆ ತಿರುಗಿ ಹೊಡೆಯಬೇಡಿ, ನುಂಗಿಕೊಂಡು ಆಟವನ್ನೂ ಮುಂದುವರಿಸಬೇಡಿ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬನ್ನಿ, ಲೈನ್ಸ್‌ಮನ್ನರೂ ಜೊತೆಗೆ ಬರಲಿ. ಒಬ್ಬರಿಗೆ ಏಟು ಬಿದ್ದ ಪಂದ್ಯಾವಳಿಯಲ್ಲಿ ಇನ್ನೊಬ್ಬರು ಸೀಟಿ ಊದಲು ಹೋಗಬೇಡಿ. ಮೈಸೂರಿನವರೂ ಇದನ್ನು ಓದಲಿ. ಕೊಟ್ಟ ದೂರನ್ನು ಯಾರ ಕಣ್ಣೀರಿಗೂ ವಾಪಸು ತೆಗೆದುಕೊಳ್ಳಬೇಡಿ. ನನ್ನಂಥವರು ಹಣ್ಣು ಹಿಡಿದು ಬಂದರೆ ನೀರು ಕೊಡಿ, ಮಾತು ಕೊಡಬೇಡಿ.

ಇನ್ನು ತಮ್ಮಲ್ಲಿ ನನ್ನ ಕೇಳಿಕೆ. ಪಾಲಾಕ್ಷನನ್ನು ಭಾನುವಾರ ಆಡಿಸಬೇಡಿ. ಈ ವರ್ಷವಷ್ಟೇ ಅಲ್ಲ, ಬೈರಯ್ಯನವರ ಮುಂದೆ ನಿಂತು ತಾನು ಮಾಡಿದ್ದನ್ನು ಅವನೇ ತನ್ನ ಬಾಯಿಂದ ಹೇಳುವವರೆಗೂ ಬೇಡ. ಬೆಂಗಳೂರಿನ ಕಾರ್ಖಾನೆಯವರು ವಿಚಾರಿಸಿದರೆ ನಡೆದದ್ದನ್ನು ಮುಚ್ಚಿಡಬೇಡಿ. ಬೈರಯ್ಯನವರನ್ನು ಮೈದಾನಕ್ಕೆ ಕರೆಯಿರಿ, ಬರುವುದು ಬಿಡುವುದು ಅವರ ಇಷ್ಟ. ಅವರನ್ನು ಕಂಡು ರೇಗುವ ಜನರಿದ್ದರೆ ಆ ಜನರನ್ನು ಹೊರಗೆ ಕಳಿಸಿ. ಮನೆಯವರ ಮುಖ ನೋಡಿ ಹುಡುಗನನ್ನು ಬಿಟ್ಟೆವು ಎಂದು ತಾವು ಈವರೆಗೆ ಹೇಳಿದ್ದೀರಿ. ಆ ಮನೆಯವಳೇ ಕೇಳುತ್ತಿದ್ದೇನೆ: ಬಿಡಬೇಡಿ.

ಇಂತಿ,
ತಮ್ಮ ಅಂತಿಮ ಪಂದ್ಯದ ನಾಯಕನನ್ನು ಸಾಕಿ, ಕೆಡಿಸಿದ ಅಕ್ಕ
ಕಮಲಾಕ್ಷಮ್ಮ
ಹೊಳೆನರಸೀಪುರ, ಜನವರಿ ೧೯೬೨