ಸೋದರಮಾವ ಚಿಗುರಿದ್ದಾರೆ

ಮಾರ್ಚ್ ಹನ್ನೊಂದು, ಮಂಗಳವಾರ
ದಾಖಲೆ ಕೋಣೆ, ಕಿಟಕಿ ಪಕ್ಕದ ಮೇಜು

ಮರದ ಮೇಷ್ಟ್ರಿಗೆ,

ನಿಮ್ಮ ವಿದ್ಯಾರ್ಥಿಗಳು ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಬೇಜಾರಿಲ್ಲ ತಾನೆ? ನೀವು ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಈ ಎರಡು ವರ್ಷಗಳಲ್ಲಿ ನಾವು ಬರೆದುಕೊಂಡದ್ದೆಲ್ಲ ಕರೆಂಟ್ ಬಿಲ್ಲು, ಬೀರುವಿನ ಬೀಗದ ಕೈ, ಇಂಥವೇ. ಇವತ್ತಿನದು ಹಾಗಲ್ಲ. ಅಕ್ಷರಗಳು ನನಗಿಂತ ಮುಂದೆ ಓಡುತ್ತಿವೆ, ಹೇಗೋ ಓದಿಕೊಳ್ಳಿ. ನಿಮ್ಮ ಮರಗಳ ಕುತ್ತಿಗೆಗೆ ಬಿದ್ದಿದ್ದ ಹಗ್ಗವನ್ನು ಇವತ್ತು ಅರ್ಧ ಬಿಚ್ಚಿದ್ದೇನೆ. ಉಳಿದರ್ಧ ನಿಮ್ಮ ಕೈಯಲ್ಲಿದೆ.

ನಮ್ಮ ಭಂಡಾರದಲ್ಲಿರುವ ಸಂಶೋಧನೆಗಳ ದತ್ತಾಂಶದಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಅಳಿಸಬೇಕು ಎಂದು ವರ್ಷಕ್ಕೊಮ್ಮೆ ಒಂದು ಸಮಿತಿ ಕೂತು ತೀರ್ಮಾನಿಸುತ್ತದೆ. ಈ ಸಲದ ಅಧ್ಯಕ್ಷೆ ಕಾನೂನು ವಿಭಾಗದವರು, ಕನ್ನಡಕದ ಮೇಲಿಂದ ಲೋಕವನ್ನು ನೋಡುವವರು. ಇವತ್ತಿನ ಸಭೆಗೆ ಬಂದ ಒಂದು ಕಡತಕ್ಕೆ, ನಿಯಮದಂತೆ, ಬರಿಯ ನಂಬರು ಇತ್ತು, ಮಾಡಿದವರ ಹೆಸರು ಮುಚ್ಚಿತ್ತು. ವ್ಯಕ್ತಿಗಳ ಆರೋಗ್ಯದ ಗುಟ್ಟುಗಳಿವೆ, ಅವರ ಒಪ್ಪಿಗೆಯ ಒಂದು ಚೀಟಿಯೂ ಇಲ್ಲ, ಆದ್ದರಿಂದ ಅಳಿಸತಕ್ಕದ್ದು ಎಂದು ಅವರು ಬರೆದಾಗಿತ್ತು. ಪುರಾವೆಗೆ ಅದರೊಳಗಿನ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದತೊಡಗಿದರು.

‘ಅಜ್ಜಿ ಬೆಳಗಿನ ಜಾವ ಊದಿಕೊಂಡಿದ್ದರು, ಮಧ್ಯಾಹ್ನಕ್ಕೆ ಇಳಿದರು.’ ‘ಅಜ್ಜಿಗೆ ಒಂದು ವಾರದಿಂದ ನೀರಿಲ್ಲ, ಆದರೂ ತಡೆದುಕೊಂಡಿದ್ದಾರೆ.’ ‘ದೊಡ್ಡಪ್ಪನಿಗೆ ಗೆದ್ದಲು.’ ‘ಸೋದರಮಾವನ ತೋಳು ಮುರಿಯಿತು. ಗರಗಸ ತರಿಸಿ ಕತ್ತರಿಸಿದೆವು.’

ಗರಗಸ ಬಂದ ಕೂಡಲೇ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು. “ಇದೇನ್ರೀ, ಸಂಶೋಧನೆನಾ ಕಸಾಯಿಖಾನೆನಾ?” ಅಂದರು. ಪಕ್ಕದಲ್ಲಿದ್ದ ಕಂಪ್ಯೂಟರ್ ವಿಭಾಗದವರು, “ಪಾಪ, ಆ ಅಜ್ಜಿಗೆ ಒಂದು ವಾರ ನೀರೂ ಕೊಟ್ಟಿಲ್ಲ ನೋಡಿ ಮೇಡಂ” ಎಂದು ಉಪ್ಪು ಖಾರ ಹಚ್ಚಿದರು.

ನಾನು ಜೋರಾಗಿ ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನಗು ನಿಂತ ಮೇಲೆ ಹೊಳೆಯಿತು: ತಿಂಗಳ ಕೊನೆಗೆ ಅಳಿಸಿಹೋಗಲಿದ್ದದ್ದು ನಿಮ್ಮ ಒಂಬತ್ತು ವರ್ಷ. ಎದ್ದು ನಿಂತು ಹೇಳಿದೆ: “ಮೇಡಂ, ಅವರೆಲ್ಲ ಮರಗಳು.”

“ಅಜ್ಜಿ ಮರ ಅಂತ ನಿಮಗೆ ಹೇಗೆ ಗೊತ್ತು?”

“ನಾನು ಆ ಮನೆ ಸೊಸೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಸೋದರಮಾವ ಈಗ ಹೇಗಿದ್ದಾರೆ?”

“ಚಿಗುರಿದ್ದಾರೆ ಮೇಡಂ.”

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮರ ರಾತ್ರಿಯಿಡೀ ನೀರು ಕುಡಿದು ಕೂದಲೆಳೆಯಷ್ಟು ದಪ್ಪವಾಗುವುದು, ಬಿಸಿಲೇರಿದಂತೆ ಸಣ್ಣಗಾಗುವುದು, ಕಾಂಡಕ್ಕೆ ಸುತ್ತಿದ ಉಕ್ಕಿನ ಪಟ್ಟಿ ಅದನ್ನು ಹಿಡಿಯುವುದು, ಪಟ್ಟಿಗಂಟಿದ ಪೆಟ್ಟಿಗೆ ಆ ಅಂಕಿಗಳನ್ನು ತಾನಾಗಿಯೇ ಭಂಡಾರಕ್ಕೆ ಕಳಿಸುವುದು. ನೀವು ನನಗೆ ಮೊದಲ ಸಲ ಹೇಳಿದಾಗ ಇದೊಂದು ಕವಿತೆಯ ಹಾಗೆ ಕೇಳಿಸಿತ್ತು. ಇವತ್ತು ನನ್ನ ಬಾಯಲ್ಲೂ ಹಾಗೇ ಬಂತು ಅನ್ನಿಸುತ್ತದೆ, ಕಂಪ್ಯೂಟರ್‌ನವರು ಕೂಡ ಬಾಯಿ ಮುಚ್ಚಿಕೊಂಡು ಕೇಳಿದರು.

ಆದರೆ ತಪ್ಪು ಅವರದೇನಲ್ಲ ರೀ, ನಿಮ್ಮದೇ. ಏನನ್ನು ಅಳೆದಿರಿ, ಎಲ್ಲಿ, ಯಾವುದರಿಂದ ಎಂದು ಒಂದು ಪುಟ ವಿವರ ಬರೆಯಿರಿ ಎಂದು ಎಷ್ಟು ಗೋಗರೆದಿದ್ದೆ! “ನನಗೆ ಗೊತ್ತಲ್ಲ, ಸಾಕು ಬಿಡೇ” ಎನ್ನುತ್ತಿದ್ದಿರಿ. ಇಡೀ ಕಡತದಲ್ಲಿ ‘ಮರ’ ಎಂಬ ಪದ ಒಂದು ಕಡೆಯೂ ಇಲ್ಲ. ಅಂಕಿಗಳ ತಲೆಯ ಮೇಲೆ ‘ಸುತ್ತಳತೆ’ ಎಂದಷ್ಟೇ ಇದೆ. ಗಂಟೆಗೊಮ್ಮೆ ಬಂಧುಬಳಗದ ಸೊಂಟ ಅಳೆಯುವ ಹುಚ್ಚ ಯಾರಪ್ಪಾ ಎಂದು ಅವರು ತಲೆ ಕೆಡಿಸಿಕೊಂಡಿದ್ದರಂತೆ.

ಇನ್ನೂ ಇದೆ ಕೇಳಿ. ಬಿಸಿಗಾಳಿಯ ವರ್ಷಗಳನ್ನು ಊರೊಳಗಿನ ಮರಗಳು ಹೇಗೆ ತಡೆದುಕೊಂಡವು ಎಂದು ಹುಡುಕುತ್ತಿರುವ ಹುಡುಗಿಯೊಬ್ಬಳು, ಎಲ್ಲೋ ದೂರದವಳು, ನಿಮ್ಮ ಹಳೆಯ ಲೇಖನ ಓದಿ ದತ್ತಾಂಶ ಕೇಳಿ ಬರೆದಿದ್ದಾಳೆ. ಪರಿಶೀಲನೆಗೆಂದು ಕಡತಕ್ಕೆ ಬೀಗ ಬಿದ್ದಿದ್ದರಿಂದ ಅವಳಿಗೆ ಯಾರೂ ಉತ್ತರಿಸಿರಲಿಲ್ಲ. ಸಂಶೋಧನೆಗೆ ಬರುತ್ತಿದ್ದ ಹಣ ನಿಂತಾಗ, “ಯಾರಿಗೂ ಬೇಡದ ಕೆಲಸ ಇದು” ಎಂದು ನೀವು ಗಂಟುಮೂಟೆ ಕಟ್ಟಿದಿರಿ. ಬೇಕಾದವಳು ಒಬ್ಬಳಿದ್ದಾಳೆ! ಇಲ್ಲಿಯ ಕೆಲಸ ಬಿಟ್ಟು ಬರಲಾರೆ ಎಂದು ನಾನು ಹಟ ಹಿಡಿದಾಗ, ನಿನಗೆ ಗಂಡನಿಗಿಂತ ಸತ್ತ ಅಂಕಿಗಳೇ ಹೆಚ್ಚು ಅಂದಿರಿ. ಆ ಸತ್ತ ಅಂಕಿಗಳು ಇವತ್ತು ಎದ್ದು ಕೂತವು. ಜಗಳಕ್ಕೆ ಹೇಳುತ್ತಿಲ್ಲ, ಸಂತೋಷಕ್ಕೆ ಹೇಳುತ್ತಿದ್ದೇನೆ.

ಸಭೆ ಮುಗಿದ ಮೇಲೆ ಅಧ್ಯಕ್ಷೆ ಆವರಣದಲ್ಲಿರುವ ನೆಂಟರನ್ನೆಲ್ಲ ನೋಡಲೇಬೇಕೆಂದರು. ಅಜ್ಜಿಯ ಮುಂದೆ ನಿಂತು ಸುಮ್ಮನೆ ತಲೆಬಾಗಿಸಿದರು. ಕೊನೆಗೆ ನನ್ನ ಕಿಟಕಿಯ ಹೊರಗಿನ ಮರಕ್ಕೆ ಬಂದೆವು. ನಿಮ್ಮ ಕಡತದಲ್ಲಿ ಅದಕ್ಕೆ ‘ಇವಳು’ ಎಂದಿದೆ. ‘ಇವಳು ಮೊಂಡು, ಎಂಥ ಬಿಸಿಲಿಗೂ ಬಗ್ಗುವುದಿಲ್ಲ.’ ‘ಇವಳು ಇವತ್ತು ಮಾತಾಡಲಿಲ್ಲ, ಪೆಟ್ಟಿಗೆ ನೋಡಬೇಕು.’

“ಇವಳು ಯಾರು?” ಎಂದು ಕೇಳಿದರು. ಯಾರೋ ಇರಬಹುದು ಮೇಡಂ ಅಂದೆ. ಕಂಪ್ಯೂಟರ್‌ನವರು ಆಕಾಶ ನೋಡಿದರು.

ಆಗ ಅಧ್ಯಕ್ಷೆಗೆ ಒಂದು ಅನುಮಾನ ಬಂತು. ಉಳಿದ ಮರಗಳ ಅಂಕಿಗಳೆಲ್ಲ ನೀವು ಇಲ್ಲಿಂದ ಹೊರಟ ವರ್ಷವೇ ನಿಂತಿವೆ. ಇವಳದು ಇವತ್ತು ಬೆಳಿಗ್ಗೆಯವರೆಗೂ ಬಂದಿದೆ, ಒಂದು ಗಂಟೆಯೂ ತಪ್ಪಿಲ್ಲ. ಪೆಟ್ಟಿಗೆಯ ಬ್ಯಾಟರಿ ಒಂದು ಬೇಸಿಗೆಯಿಂದ ಇನ್ನೊಂದಕ್ಕೆ ಬಾಳುವುದಿಲ್ಲ ಎಂದು ನಾನೇ ಹೇಳಿ ಸಿಕ್ಕಿಹಾಕಿಕೊಂಡಿದ್ದೆ. ಹಾಗಾದರೆ ಬದಲಿಸುತ್ತಿರುವವರು ಯಾರು? ವಿಚಾರಿಸಿ ತಿಳಿಸುತ್ತೇನೆ ಅಂದೆ.

ಈಗ ಆಗಬೇಕಾದದ್ದು ಇಷ್ಟು. ಯಾವ ಮರ ಯಾವ ನೆಂಟರು ಎಂಬುದನ್ನು ಕಡತ ಕೊಟ್ಟವರೇ ತೋರಿಸಿ ದೃಢಪಡಿಸಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಅಳಿಸುವ ಆದೇಶ ಹಾಗೇ ನಿಲ್ಲುತ್ತದೆ. ಆದ್ದರಿಂದ ನೀವು ಬರಬೇಕು. ಬಂದು ಬೆರಳು ಮಾಡಿ ತೋರಿಸಬೇಕು. ವಿವರದ ಪುಟವನ್ನು ನನ್ನ ಎದುರಿಗೆ ಕೂತು ಬರೆಯಬೇಕು, ಈ ಸಲ ಬಿಡುವುದಿಲ್ಲ.

ಇಂತಿ,
ಅಜ್ಜಿಮರದ ಮನೆಯ ಸೊಸೆ

ಮರೆತಿದ್ದೆ: ಬರಲು ಆಗದಿದ್ದರೆ ಒಂದು ಇಮೇಲ್ ಸಾಕು ಎಂದೂ ಅಧ್ಯಕ್ಷೆ ಹೇಳಿದರು. ಬ್ಯಾಟರಿಯ ವಿಷಯ ವಿಚಾರಿಸಿದೆ. ಬದಲಿಸುತ್ತಿರುವವಳು ನಾನೇ, ಸ್ಟೂಲು ಹಾಕಿಕೊಂಡು. ನೀವು ಹೋದ ಮೇಲೆ ಇವಳು ಸೊರಗಿದಳು ಎಂದುಕೊಂಡಿದ್ದರೆ ಅದು ಸುಳ್ಳು, ಚೆನ್ನಾಗಿಯೇ ಬೆಳೆದಿದ್ದಾಳೆ. ಪಟ್ಟಿ ತೊಗಟೆಯನ್ನು ಒತ್ತುತ್ತಿದೆ. ಸಡಿಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ನೀವು ಅದನ್ನೂ ಎಲ್ಲೂ ಬರೆದಿಟ್ಟಿಲ್ಲ. ಇಮೇಲ್‌ನಿಂದ ಅದು ಸಡಿಲವಾಗುವುದಿಲ್ಲ.